ಕ್ಯಾಸೆಟ್ ವಾಪಸ್ ತಂದವರಿಗೆ

ಅಪ್ಪ ತೀರಿಕೊಂಡು ಮೊನ್ನೆಗೆ ನಲವತ್ತು ದಿನ ಆಯಿತು. ಮನೆಗೆ ಬಂದವರು, ಫೋನ್ ಮಾಡಿದವರು, ಜಗಲಿಯಲ್ಲಿ ಸುಮ್ನೆ ಕೂತು ಒಂದು ಲೋಟ ನೀರು ಕುಡಿದು ಎದ್ದು ಹೋದವರು, ಎಲ್ಲರಿಗೂ ಒಬ್ಬೊಬ್ಬರಿಗೇ ಹೇಳಲು ನನ್ನಿಂದ ಆಗಲಿಲ್ಲ. ಆಗ ಬಾಯಿಯೇ ಬರುತ್ತಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಉತ್ತರಕ್ರಿಯೆಯ ದಿನ ಊಟ ಮುಗಿಸಿ ಕೈ ತೊಳೆದ ಒಬ್ಬರು ಹಿರಿಯರು ನನ್ನನ್ನು ಬದಿಗೆ ಕರೆದರು. ಜವಳಿ ಅಂಗಡಿಯ ಹಳೇ ಪ್ಲಾಸ್ಟಿಕ್ ಚೀಲ ಕೈಗೆ ಕೊಟ್ಟರು. "ನಿನ್ನ ಅಪ್ಪನದ್ದು ಮಗಳೇ. ಇಪ್ಪತ್ತೆರಡು ವರ್ಷದಿಂದ ಕೊಡಬೇಕು ಕೊಡಬೇಕು ಅಂತಲೇ ಆಯಿತು" ಅಂದರು. ಒಳಗೆ ಎರಡು ಕ್ಯಾಸೆಟ್. ಒಂದರ ಮೇಲೆ ಅಪ್ಪನ ಗುಂಡಗಿನ ಅಕ್ಷರ: "ಕಲ್ಯಾಣಿ. ಮಸ್ಕತ್, ಮಳೆ ಬಂದ ದಿನ." ಇನ್ನೊಂದರಲ್ಲಿ: "ತೋಡಿ. ಮದ್ರಾಸ್ ಮೇಲ್ ರೈಲು, ಶೊರನೂರು ದಾಟಿದ ಮೇಲೆ."

ಅಪ್ಪನನ್ನು ಹತ್ತಿರದಿಂದ ಬಲ್ಲವರಿಗೆ ಇದು ಹೊಸದಲ್ಲ. ಕ್ಯಾಸೆಟ್ ಮೇಲೆ ರಾಗದ ಜೊತೆ ಹಾಡಿದವರ ಹೆಸರು ಬರೆಯುವುದು ಮರೆತಾರು, ಎಲ್ಲಿ ಕೂತು ಕೇಳಿದ್ದು ಅಂತ ಬರೆಯುವುದು ಮರೆಯುತ್ತಿರಲಿಲ್ಲ. ಯಕ್ಷಗಾನದ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಒಂದು ಕ್ಯಾಸೆಟ್ ಮೇಲೆ "ಫ್ರಾಂಕ್‌ಫರ್ಟ್, ಹೋಟೆಲಿನವರ ಬೈಗುಳ ಸಮೇತ" ಅಂತ ಇದೆ. ನಡುರಾತ್ರಿ ಚೆಂಡೆಯ ಪೆಟ್ಟು ಕೇಳಿ ಪಕ್ಕದ ಕೋಣೆಯವರು ದೂರು ಕೊಟ್ಟಿದ್ದರಂತೆ. ಅಲ್ಲಿಂದ ಮೇಲೆ ವಾಕ್‌ಮನ್ ಇಲ್ಲದೆ ಅಪ್ಪ ಗಡಿ ದಾಟಿದ್ದಿಲ್ಲ. ಕದ್ರಿ ಗೋಪಾಲನಾಥರು 1994ರಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಸ್ಯಾಕ್ಸೋಫೋನ್ ನುಡಿಸಿದಾಗ ತಾನು ಲಂಡನ್ನಿನಲ್ಲಿ ಇರಲಿಲ್ಲ ಅನ್ನುವುದು ಅವರಿಗೆ ಕೊನೆಯವರೆಗೂ ಉಳಿದ ಸಂಕಟ. "ಎಷ್ಟೆಲ್ಲ ಊರು ಸುತ್ತಿದೆ, ಬೇಕಾದ ದಿನ ಬೇಕಾದ ಊರಿನಲ್ಲಿ ಇರ್ಲಿಲ್ಲ ನೋಡು" ಅನ್ನುತ್ತಿದ್ದರು.

ಅಪ್ಪನ ಕೆಲಸ ಏನು ಅಂತ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಟೆಕ್ನಾಲಜಿ ಕನ್ಸಲ್ಟೆಂಟ್ ಅಂದರೆ ಏನು ಅಂತ ಅಜ್ಜಿ ಒಮ್ಮೆ ಕೇಳಿದ್ದರು. ಅಪ್ಪ ಗುಡ್ಡದ ಕಡೆ ಕೈ ತೋರಿಸಿದರು. ನಮ್ಮಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವುದು ಉಂಟಲ್ಲ, ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿ ಹರಿದು ಬರುತ್ತದೆ. "ಸುರಂಗ ಎಲ್ಲಿ ಕೊರೀಬೇಕು ಅಂತ ಹೇಳುವವ ನಾನು. ಕೊರೆಯುವವರು ಬೇರೆ." ಅಜ್ಜಿ ಬಿಡಲಿಲ್ಲ. "ನೀರು ಸಿಕ್ಕದಿದ್ರೆ?" "ಅಷ್ಟೊತ್ತಿಗೆ ನಾನು ಬೇರೆ ಊರಿನಲ್ಲಿ ಇರ್ತೇನೆ ಅಮ್ಮ."

ತಮಾಷೆಗೆ ಹೇಳಿದ್ದು. ಹಾಗೆ ಬಿಟ್ಟು ಹೋಗುವ ಜನ ಅವರಲ್ಲ ಅಂತ ನನಗೆ ಖಾತ್ರಿಯಾದದ್ದು ಈ ನಲವತ್ತು ದಿನಗಳಲ್ಲಿ. ಕಾಸರಗೋಡಿನಿಂದ ಒಬ್ಬರು ನಿವೃತ್ತ ಬ್ಯಾಂಕ್ ಕ್ಲಾರ್ಕ್ ಬಂದಿದ್ದರು. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ 1984ರಲ್ಲಿ ರಂಗರಾಜನ್ ಸಮಿತಿ ವರದಿ ಕೊಟ್ಟ ನಂತರ ಖಾತೆಯ ಲೆಕ್ಕ ಬರೆಯುವ ಲೆಡ್ಜರ್ ಪೋಸ್ಟಿಂಗ್ ಮಷಿನ್ ಬಂದ ಕಾಲದ ಕಥೆ ಹೇಳಿದರು. ಮಷಿನ್ ಬಂದರೆ ನಮ್ಮ ಕೆಲಸ ಹೋಯಿತು ಅಂತ ಎಲ್ಲರಿಗೂ ಹೆದರಿಕೆ. ಮಷಿನಿನ ಕೆಲಸಕ್ಕೆ ಬಂದ ಅಪ್ಪನ ಜೊತೆ ಯಾರೂ ಮಾತಾಡುತ್ತಿರಲಿಲ್ಲವಂತೆ. ಇವರ ಬೆರಳು ನಡುಗಿ ನಂಬರ್ ತಪ್ಪಿ ಬೀಳುವುದನ್ನು ನೋಡಿದ ಅಪ್ಪ ಪಕ್ಕದಲ್ಲಿ ಕೂತು ಮೇಜಿನ ಮೇಲೆ ತಾಳ ಹಾಕಿದರಂತೆ. "ಎಂಟು ಅಂಕಿ ಉಂಟಲ್ಲ ಮಾರಾಯ್ರೆ, ಆದಿತಾಳ ಅಂತ ತಿಳ್ಕೊಳ್ಳಿ. ನಾಲ್ಕು, ಎರಡು, ಎರಡು." ಇದನ್ನು ಹೇಳುವಾಗ ಅವರ ಬಲಗೈ ನಮ್ಮ ಜಗಲಿಯ ಕಟ್ಟೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಬರೀ ಇದನ್ನು ಹೇಳುವುದಕ್ಕೆ ಎರಡು ಬಸ್ ಬದಲಿಸಿ ಬಂದಿರಿ. ನಿಮ್ಮ ಉಪಕಾರ ಮರೆಯುವುದಿಲ್ಲ.

1999ರ ಡಿಸೆಂಬರ್ 31ರ ಕಥೆ ಅಮ್ಮನದ್ದು. ಹಳೇ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡೇ ಅಂಕಿ, 00 ಬಂದರೆ ಕಂಪ್ಯೂಟರ್ ಅದನ್ನು 1900 ಅಂತ ತಿಳಿದೀತು ಅಂತ ಲೋಕವೆಲ್ಲ ಹೆದರಿದ್ದ ರಾತ್ರಿ. ಅಪ್ಪ ಮುಂಬೈಯಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ಕೋಣೆಯಲ್ಲಿದ್ದರು. ನಮ್ಮ ಸಂಜೆ ನಾಲ್ಕೂವರೆಗೆ ನ್ಯೂಜಿಲೆಂಡಿನಲ್ಲಿ ಹೊಸ ವರ್ಷ ಹುಟ್ಟಿ ಏನೂ ಆಗದ ಮೇಲೆ ಒಂದು ಚಾ ಕುಡಿದರಂತೆ. ರಾತ್ರಿ ಹನ್ನೆರಡು ಹತ್ತಕ್ಕೆ ಮನೆಗೆ ಫೋನ್. "ಅಲ್ಲಿ ಕರೆಂಟ್ ಉಂಟಾ?" "ಇಲ್ಲ, ಪೂರಾ ಕತ್ತಲೆ." ಆ ಕಡೆ ಉಸಿರೇ ಇಲ್ಲ. ಆಮೇಲೆ ಅಮ್ಮ ನಿಧಾನಕ್ಕೆ, "ಅದು ಸಂಜೆ ಆರಕ್ಕೇ ಹೋದದ್ದು." ಈ ಸಲ ಇದನ್ನು ಹೇಳಿ ಅಮ್ಮ ನಕ್ಕರು. ಅಪ್ಪ ಹೋದ ಮೇಲೆ ಮೊದಲ ಸಲ. ಕೇಳಿದ ಕಥೆಯನ್ನೇ ಮತ್ತೆ ಹೇಳಿಸಿದ ಅತ್ತೆಯಂದಿರಿಗೆ, ದೊಡ್ಡಮ್ಮನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ?

ಕೊನೆಯ ಐದು ತಿಂಗಳು ಕಷ್ಟದ್ದು. ಸ್ಟ್ರೋಕ್ ಆದ ರಾತ್ರಿ ಜೀಪ್ ತೆಗೆದು ಲುಂಗಿಯಲ್ಲೇ ಮಂಗಳೂರಿಗೆ ಓಡಿಸಿದ ಪಕ್ಕದ ಮನೆಯ ಇಕ್ಕ, ಡೀಸೆಲಿನ ದುಡ್ಡು ಕೇಳಿದರೆ ಇವತ್ತಿಗೂ ಬೈಯುತ್ತೀರಿ, ಇರಲಿ. ಬಲಗೈ ಹೋಯಿತು, ಮಾತು ಹೋಯಿತು. ಎಷ್ಟೋ ಭಾಷೆ ಆಡುತ್ತಿದ್ದ ಮನುಷ್ಯನಿಗೆ "ನೀರು" ಅನ್ನಲು ಬರುತ್ತಿರಲಿಲ್ಲ. ಸ್ಪೀಚ್ ಥೆರಪಿಯ ಹುಡುಗಿ ಮಲಯಾಳಿ. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ನಿಂತವರಿಗೂ ಕೆಲವು ಸಲ ಹಾಡು ಉಳಿದಿರುತ್ತದೆ ಅಂತ ಹೇಳಿದಳು. ಸಂಗೀತ ಕಲಿಯುವ ಮಕ್ಕಳಿಗೆ ಶುರುವಿನಲ್ಲಿ ಹೇಳಿಕೊಡುವ ಮಲಹರಿ ರಾಗದ ಗೀತೆ ಇದೆಯಲ್ಲ, ಅದನ್ನು ಮೊಬೈಲಿನಲ್ಲಿ ಕೇಳಿ ಕಲಿತು ಬಂದಳು. ಶ್ರುತಿ ಅಷ್ಟಕ್ಕಷ್ಟೆ. ಅಪ್ಪ ಹುಬ್ಬು ಗಂಟು ಹಾಕಿ ಎಡಗೈ ಬೆರಳೆತ್ತಿ, ಮೇಲೆ, ಇನ್ನೂ ಸ್ವಲ್ಪ ಮೇಲೆ ಅಂತ ತೋರಿಸುತ್ತಿದ್ದರು. ಮೂರನೇ ವಾರ ತಾನೇ ಹಾಡಿ ತೋರಿಸಿದರು, ಸಾಹಿತ್ಯ ಸಮೇತ. ಒಂದು ಮಧ್ಯಾಹ್ನ ನನ್ನ ಕಡೆ ತಿರುಗಿ, ಸ ಹಿಡಿದು "ನೀ" ಅಂತ ಎಳೆದು, ರಿ ಮೇಲೆ "ರು" ಅಂದರು. ಲೋಟ ತರಲು ಓಡಿದವಳು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅಷ್ಟರಲ್ಲಿ ಅಪ್ಪ ಇನ್ನೆರಡು ಸಲ ಹಾಡಿ ಆಗಿತ್ತು, ಎರಡನೆಯದ್ದರಲ್ಲಿ ಸಿಟ್ಟೂ ಇತ್ತು. ಆ ಹುಡುಗಿಗೆ ನಾನು ಕೊಟ್ಟದ್ದು ಒಂದು ಡಬ್ಬಿ ಹಲಸಿನ ಹಪ್ಪಳ. ಕಡಿಮೆಯಾಯಿತು, ಗೊತ್ತು.

ಬೇಸಗೆಯಲ್ಲಿ ಅಡಕೆ ತೋಟಕ್ಕೆ ನೀರು ಬಿಟ್ಟವರು, ಹದಿಮೂರು ದಿನ ಅಡುಗೆಮನೆ ಹಿಡಿದವರು, ಒಂದು ಕಚೇರಿಯಲ್ಲಿ ನನಗೆ ಓದಲು ಬಾರದ ಭಾಷೆಯ ಫಾರ್ಮ್ ಕೊಟ್ಟು ಮೂರು ಸಲ ತಿರುಗಿಸಿದಾಗ ಜೊತೆಗೆ ಬಂದು ತುಂಬಿಸಿಕೊಟ್ಟ ತಮ್ಮ, ನಿಮಗೆಲ್ಲ ಕೈ ಮುಗಿಯುತ್ತೇನೆ. ಫಾರ್ಮಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ಈಗ ಬೇಡ.

ಆ ಪ್ಲಾಸ್ಟಿಕ್ ಚೀಲದ ನಂತರ ಸುದ್ದಿ ಹೇಗೆ ಹಬ್ಬಿತೋ, ಒಟ್ಟು ಹನ್ನೊಂದು ಕ್ಯಾಸೆಟ್ ವಾಪಸ್ ಬಂದವು. ಒಂದಕ್ಕೆ ಫಂಗಸ್ ಹಿಡಿದಿದೆ, ಒಂದರ ಟೇಪು ಹೊರಬಂದಿತ್ತು, ಪೆನ್ಸಿಲ್ ತೂರಿಸಿ ಸುತ್ತಿದೆ. ಅಪ್ಪನ ಡೈರಿಯಲ್ಲಿ "ಕೊಟ್ಟದ್ದು" ಅಂತ ಒಂದು ಪುಟ ಇದೆ. ಲೆಕ್ಕ ಹಾಕಿದರೆ ಇನ್ನೂ ಇಪ್ಪತ್ತು ಬರಬೇಕು. ಕೊಡಬೇಡಿ, ಇಟ್ಟುಕೊಂಡು ಕೇಳಿ.

ಒಂದನ್ನು ಮಾತ್ರ ಹುಡುಕುತ್ತಿದ್ದೇನೆ. ಡೈರಿಯಲ್ಲಿ ಹೀಗಿದೆ: "ಬೇಹಾಗ್. ಮಗಳು ಹುಟ್ಟಿದ ರಾತ್ರಿ, ಆಸ್ಪತ್ರೆಯ ಮೆಟ್ಟಿಲು." ಮುಂದೆ, ಕೊಟ್ಟದ್ದು ಯಾರಿಗೆ ಅನ್ನುವಲ್ಲಿ, "ಮಾಷ್ಟ್ರು" ಅಂತ ಅಷ್ಟೇ. ನಮ್ಮ ಊರಿನಲ್ಲಿ ಕಲ್ಲು ಬಿಸಾಡಿದರೆ ಒಬ್ಬ ಮಾಷ್ಟ್ರಿಗೆ ಬೀಳುತ್ತದೆ, ಯಾರನ್ನು ಅಂತ ಕೇಳಲಿ? ನಿಮ್ಮ ಮನೆಯ ಅಟ್ಟದಲ್ಲೆಲ್ಲಾದರೂ ಇದ್ದರೆ ಹೇಳಿ. ವಾಪಸ್ ಬೇಡ, ಒಮ್ಮೆ ಕೂತು ಕೇಳಿ ಹೋಗುತ್ತೇನೆ. ಟೇಪ್ ರೆಕಾರ್ಡರ್ ನಾನೇ ತರುತ್ತೇನೆ, ಬ್ಯಾಟರಿ ಸಮೇತ.