ಹಗ್ಗದ ಎರಡೂ ತುದಿ ನೋಡು

ಪ್ರೀತಿಯ ಪುಟ್ಟಿ,

ಗುರುವಾರ ನಿಮ್ಮ ತರಗತಿಯವರನ್ನೆಲ್ಲ ಪೊಲೀಸ್ ನಾಯಿಗಳ ತರಬೇತಿ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಾರಲ್ಲ, ಅಲ್ಲಿ ಕಣ್ಣಿಗೆ ಬೀಳುವುದು ಬಹಳ, ತಲೆಗೆ ಇಳಿಯುವುದು ಕಡಿಮೆ. ನಾಯಿ ಬಳೆಯೊಳಗೆ ಹಾರುತ್ತದೆ, ಏಣಿ ಹತ್ತುತ್ತದೆ, ಕಳ್ಳನ ವೇಷ ಹಾಕಿದವನ ತೋಳಿಗೆ ಜೋತುಬೀಳುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನೀನೂ ತಟ್ಟು. ಆದರೆ ಒಂದು ಮೂಲೆಯಲ್ಲಿ ಯಾವುದೋ ನಾಯಿ ಸಾಲಾಗಿಟ್ಟ ಡಬ್ಬಗಳನ್ನು ಮೂಸುತ್ತಾ ಸದ್ದಿಲ್ಲದೆ ಹೋಗುತ್ತಿದ್ದರೆ ಅಲ್ಲಿ ನಿಂತುಬಿಡು. ನೋಡುವುದಕ್ಕೆ ಬೇಸರದ ಕೆಲಸ, ಆದರೆ ಕಲಿಕೆಯ ಬಹುಪಾಲು ನಡೆಯುವುದು ಅಲ್ಲೇ. ನಿಂತಾಗ ನಾಯಿಯನ್ನಷ್ಟೇ ನೋಡಬೇಡ, ಹಗ್ಗದ ಇನ್ನೊಂದು ತುದಿ ಹಿಡಿದ ಹ್ಯಾಂಡ್ಲರ್‌ನನ್ನೂ ನೋಡು. ನಾಯಿಯ ತಪ್ಪು ಅಂತ ನಾವು ಅಂದುಕೊಳ್ಳುವ ಎಷ್ಟೋ ತಪ್ಪುಗಳು ಆ ತುದಿಯಿಂದಲೇ ಹರಿದು ಬರುತ್ತವೆ.

ಮೊದಲು ಮೂಗಿನ ವಿಷಯ. ನಾಯಿಯ ಮೂಗನ್ನು ಎದುರಿನಿಂದ ನೋಡಿದರೆ ಪ್ರತಿ ಹೊಳ್ಳೆಯ ಪಕ್ಕಕ್ಕೂ ಅಲ್ಪವಿರಾಮದ ಬಾಲದಂಥ ಒಂದು ಸೀಳು ಇರುತ್ತದೆ. ಎಳೆದುಕೊಳ್ಳುವ ಗಾಳಿ ಮುಂದಿನಿಂದ ಒಳಗೆ ಹೋಗುತ್ತದೆ. ಬಿಡುವ ಗಾಳಿ ಆ ಸೀಳಿನಿಂದ ಪಕ್ಕಕ್ಕೆ, ಹಿಂದಕ್ಕೆ ಹೊರಡುತ್ತದೆ. ಹಾಗಾಗಿ ತಾನು ಬಿಟ್ಟ ಉಸಿರು ಎದುರಿಗಿರುವ ವಾಸನೆಯನ್ನು ಅಷ್ಟಾಗಿ ಚದುರಿಸುವುದಿಲ್ಲ. ಮನಸ್ಸಿಟ್ಟು ಮೂಸುವಾಗ ಸೆಕೆಂಡಿಗೆ ಸುಮಾರು 5 ಸಲ ಗಾಳಿ ಎಳೆಯುತ್ತದೆ. ಹತ್ತಿರ ನಿಂತರೆ ಆ ‘ಫುಸ್ ಫುಸ್’ ಸದ್ದು ಕೇಳಿಸುತ್ತದೆ. ಒಂದು ಗುಟ್ಟು ಹೇಳುತ್ತೇನೆ, ನಿನ್ನ ಗೆಳತಿಯರಿಗೂ ಹೇಳು: ನಾಯಿಯ ಬಾಯಿ ನೋಡುತ್ತಿರಿ. ನಾಲಿಗೆ ಚಾಚಿ ತೇಕುತ್ತಾ ಹೋಗುತ್ತಿದ್ದ ನಾಯಿ ಫಕ್ಕನೆ ಬಾಯಿ ಮುಚ್ಚಿದರೆ, ತಲೆ ಒಂದು ಕಡೆಗೆ ಜಗ್ಗಿದಂತೆ ತಿರುಗಿದರೆ, ಅದಕ್ಕೆ ಏನೋ ಸಿಕ್ಕಿದೆ. ಕೂತು ತೋರಿಸುವುದು ಆಮೇಲೆ. ಪಳಗಿದ ಹ್ಯಾಂಡ್ಲರ್‌ಗಳು ಕಾಯುವುದು ಈ ಬಾಯಿ ಮುಚ್ಚುವ ಕ್ಷಣವನ್ನೇ.

ಇನ್ನು ಆ ಡಬ್ಬಗಳ ಸಾಲು. ಒಂದೇ ಬಗೆಯ 6 ಅಥವಾ 8 ಡಬ್ಬಗಳನ್ನು ಒಂದೊಂದು ಮೀಟರ್ ಅಂತರದಲ್ಲಿ ಇಟ್ಟಿರುತ್ತಾರೆ. ಒಂದರಲ್ಲಿ ಮಾತ್ರ ಕಲಿಸಬೇಕಾದ ವಾಸನೆ, ಸ್ಫೋಟಕದ್ದು ಅಂತಿಟ್ಟುಕೋ, ಉಳಿದವುಗಳಲ್ಲಿ ಬರೀ ಹತ್ತಿಬಟ್ಟೆ. ನಾಯಿಗೆ ಸ್ಫೋಟಕದ ಮೇಲೆ ಪ್ರೀತಿಯೇನೂ ಇಲ್ಲ. ಅದಕ್ಕೆ ಬೇಕಾದ್ದು ತನ್ನ ಚೆಂಡು. ಮೂಗು ಸರಿಯಾದ ಡಬ್ಬದ ಮೇಲೆ ಬಂದ ಕ್ಷಣ ‘ಟಕ್’ ಎಂದು ಕ್ಲಿಕ್ಕರ್ (ಬೆರಳಲ್ಲಿ ಒತ್ತಿ ಸದ್ದು ಮಾಡುವ ಪುಟ್ಟ ಸಾಧನ) ಸದ್ದು ಅಥವಾ ಒಂದು ಗೊತ್ತಾದ ಮಾತು, ಹಿಂದೆಯೇ ಚೆಂಡು. ಸದ್ದು ಎರಡು ಸೆಕೆಂಡ್ ತಡವಾದರೆ ನಾಯಿ ಅಷ್ಟರಲ್ಲಿ ತಲೆ ಎತ್ತಿರುತ್ತದೆ, ಚೆಂಡು ಸಿಕ್ಕಿದ್ದು ತಲೆ ಎತ್ತಿದ್ದಕ್ಕೆ ಎಂದು ಕಲಿಯುತ್ತದೆ. ಚೆಂಡು ಎಲ್ಲಿಂದ ಬರುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ಸಲ ಹ್ಯಾಂಡ್ಲರ್‌ನ ಜೇಬಿನಿಂದ ಬಂದರೆ ನಾಯಿ ಡಬ್ಬ ಬಿಟ್ಟು ಜೇಬನ್ನೇ ನೋಡತೊಡಗುತ್ತದೆ. ಅದಕ್ಕೇ ಬೆನ್ನ ಹಿಂದಿನಿಂದ ಇನ್ನೊಬ್ಬರು ನಾಯಿಯ ತಲೆಯ ಮೇಲಿಂದ ಡಬ್ಬದ ಹತ್ತಿರಕ್ಕೇ ಬೀಳುವಂತೆ ಎಸೆಯುತ್ತಾರೆ. ನಾಯಿಯ ಪಾಲಿಗೆ ಚೆಂಡು ಆ ವಾಸನೆಯೊಳಗಿಂದ ಹುಟ್ಟಿ ಬರಬೇಕು.

ಇಷ್ಟಾದ ಮೇಲೆ ಮೂಗನ್ನು ಅಲ್ಲೇ 1 ಸೆಕೆಂಡ್, 3 ಸೆಕೆಂಡ್, 5 ಸೆಕೆಂಡ್ ಇಡುವುದು, ಆಮೇಲೆ ಕೂರುವುದು. ಸ್ಫೋಟಕ ಹುಡುಕುವ ನಾಯಿ ಕೂರಬೇಕು ಇಲ್ಲವೇ ಕಲ್ಲಿನಂತೆ ನಿಲ್ಲಬೇಕು. ಕೆರೆಯಬಾರದು, ಕಚ್ಚಬಾರದು. ಕಾರಣ ನಿನಗೇ ಗೊತ್ತಾಗುತ್ತದೆ. ಕುಸಿದ ಕಟ್ಟಡದಡಿ ಸಿಕ್ಕಿಬಿದ್ದವರನ್ನು ಹುಡುಕುವ ನಾಯಿಗಾದರೆ ಬೊಗಳಲು ಕಲಿಸುತ್ತಾರೆ, ಏಕೆಂದರೆ ಅಲ್ಲಿ ಅದು ಹ್ಯಾಂಡ್ಲರ್‌ನ ಕಣ್ಣಿಗೆ ಬೀಳದಷ್ಟು ದೂರದಲ್ಲಿರಬಹುದು. ಅಂದ ಹಾಗೆ, ಮಾದಕವಸ್ತು ಹುಡುಕುವ ನಾಯಿಗಳಿಗೆ ಅದನ್ನೇ ತಿನ್ನಿಸಿ ಚಟ ಹತ್ತಿಸುತ್ತಾರೆ ಎಂದು ಹೇಳುವವರು ಇದ್ದಾರೆ. ಶುದ್ಧ ಸುಳ್ಳು. ಹಾಗೆ ಮಾಡಿದರೆ ನಾಯಿ ಸಾಯುತ್ತದೆ, ಕೆಲಸ ಕಲಿಯುವುದಿಲ್ಲ.

ಈಗ ಎಡವುವ ಜಾಗಗಳು. ನನಗೆ ಇಷ್ಟವಾದ ಭಾಗ ಇದು.

ವಾಸನೆಯ ಡಬ್ಬವನ್ನು ಒಬ್ಬ ಕೈಗವಸು ಹಾಕಿ ಇಟ್ಟು, ಖಾಲಿ ಡಬ್ಬಗಳನ್ನು ಬರಿಗೈಲಿ ಇಟ್ಟರೆ ನಾಯಿ ಕಲಿಯುವುದು ಕೈಗವಸಿನ ರಬ್ಬರ್ ವಾಸನೆಯನ್ನು. ಅಭ್ಯಾಸದ ಪೊಟ್ಟಣಗಳಿಗೆಲ್ಲ ಒಂದೇ ಕಂದು ಟೇಪ್ ಸುತ್ತಿದ್ದರೆ ಅದು ಟೇಪ್ ಹುಡುಕುವ ನಾಯಿಯಾಗುತ್ತದೆ. ಹಾಗಾಗಿ ಖಾಲಿ ಡಬ್ಬಗಳಿಗೂ ಅದೇ ಕೈ, ಅದೇ ಗವಸು. ಆಮೇಲಾಮೇಲೆ ಕೆಲವು ಡಬ್ಬಗಳಲ್ಲಿ ಬೇಕೆಂದೇ ಟೇಪ್, ಪ್ಲಾಸ್ಟಿಕ್ ಚೀಲ, ತಿಂಡಿ, ಹೊಸ ಚೆಂಡು ಹಾಕಿ ‘ಇದಲ್ಲ’ ಅನ್ನುವುದನ್ನೂ ಕಲಿಸುತ್ತಾರೆ. ವಾಸನೆಗಳ ಮಾದರಿಯನ್ನು ಬೇರೆಬೇರೆ ಗಾಜಿನ ಜಾಡಿಗಳಲ್ಲಿ, ಬಿಗಿ ಮುಚ್ಚಳ ಹಾಕಿ ಇಡುತ್ತಾರೆ. ಒಂದೇ ಪೆಟ್ಟಿಗೆಯಲ್ಲಿ ತುಂಬಿಟ್ಟರೆ ಒಂದರ ವಾಸನೆ ಇನ್ನೊಂದಕ್ಕೆ ಹತ್ತಿ ನಾಯಿ ಕಲಬೆರಕೆಯನ್ನೇ ಕಲಿಯುತ್ತದೆ. ಮೊದಲ ನಾಯಿ ಜೊಲ್ಲು ಸುರಿಸಿ ಹೋದ ಡಬ್ಬವನ್ನು ಬದಲಿಸದಿದ್ದರೆ ಎರಡನೆಯದು ಆ ಜೊಲ್ಲಿನ ಮುಂದೆಯೇ ಕೂತುಬಿಡಬಹುದು.

ಪ್ರಮಾಣದ್ದೂ ಒಂದು ತಕರಾರು. ಯಾವಾಗಲೂ 10 ಗ್ರಾಂ ಇಟ್ಟು ಅಭ್ಯಾಸ ಮಾಡಿಸಿದ ನಾಯಿಯ ಮುಂದೆ 10 ಕಿಲೋ ಬಂದರೆ ಸುಲಭವಾಗಿ ಹಿಡಿಯುತ್ತದೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹಾಗಾಗುವುದಿಲ್ಲ. ಕೋಣೆಯಿಡೀ ವಾಸನೆ ತುಂಬಿರುವಾಗ ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ತಿಳಿಯದೆ ಸುತ್ತುತ್ತಲೇ ಇರುತ್ತದೆ. ಕೋಣೆಯಲ್ಲಿ ವಸ್ತುವನ್ನು ಬಚ್ಚಿಟ್ಟು ಹುಡುಕಿಸುವಾಗ, ಬಚ್ಚಿಟ್ಟ ಕೂಡಲೇ ನಾಯಿಯನ್ನು ಬಿಡುವುದೂ ತಪ್ಪು. ವಾಸನೆ ಹೊರಬಂದು ಹರಡಲು ಅರ್ಧ ಗಂಟೆಯಾದರೂ ಬೇಕು. ಇಲ್ಲದಿದ್ದರೆ ನಾಯಿ ಬಚ್ಚಿಟ್ಟವನ ಹೊಸ ಹೆಜ್ಜೆಗಳನ್ನು ಮೂಸಿಕೊಂಡೇ ಜಾಗ ತಲುಪಿ ‘ಪಾಸ್’ ಆಗುತ್ತದೆ. ಇದಕ್ಕಾಗಿಯೇ ಬಚ್ಚಿಡುವವರು ಕೋಣೆಯ ಎಲ್ಲ ಮೂಲೆಗೂ ಸುಮ್ಮನೆ ಓಡಾಡಿ ಬರುತ್ತಾರೆ. ಫ್ಯಾನ್ ತಿರುಗುತ್ತಿದ್ದರೆ, ಕಿಟಕಿ ತೆರೆದಿದ್ದರೆ ವಾಸನೆ ಎದುರು ಗೋಡೆಯ ಮೂಲೆಗೆ ಹೋಗಿ ಕೂತಿರುತ್ತದೆ. ನಾಯಿ ಖಾಲಿ ಮೂಲೆಯಲ್ಲಿ ತಡವರಿಸಿದರೆ ನಗಬೇಡಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ.

ಎಲ್ಲಕ್ಕಿಂತ ದೊಡ್ಡ ತೊಡಕು ಹ್ಯಾಂಡ್ಲರ್‌ಗೆ ಉತ್ತರ ಮೊದಲೇ ಗೊತ್ತಿರುವುದು. ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆಯಿತ್ತು. ಕೂಡುವ ಕಳೆಯುವ ಲೆಕ್ಕ ಕೇಳಿದರೆ ಗೊರಸು ತಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಓಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಯೂ ತಪ್ಪುತ್ತದೆ ಎಂದು ತಿಳಿಯಿತು. ಸರಿಯಾದ ಎಣಿಕೆ ಬಂದಾಗ ಕೇಳಿದವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ಓದುತ್ತಿತ್ತು. ನಾಯಿಗಳು ಮನುಷ್ಯರನ್ನು ಓದುವುದರಲ್ಲಿ ಕುದುರೆಗೇನೂ ಕಡಿಮೆಯಿಲ್ಲ. 2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 18 ಹ್ಯಾಂಡ್ಲರ್‌ಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ವಾಸನೆಯ ವಸ್ತುವನ್ನು ಎಲ್ಲೂ ಇಟ್ಟಿರಲಿಲ್ಲ, ಆದರೆ ಇಟ್ಟಿದೆ ಎಂದು ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. ‘ನಾಯಿ ಇಲ್ಲಿ ಸೂಚನೆ ಕೊಟ್ಟಿತು’ ಎಂಬ ವರದಿ ಮತ್ತೆ ಮತ್ತೆ ಬಂತು.

ಹಗ್ಗ ಹಿಡಿದವನಿಗೆ ಮೂರನೇ ಡಬ್ಬ ಎಂದು ಗೊತ್ತಿದ್ದರೆ ಅಲ್ಲಿ ಅವನ ಕಾಲು ಅರೆಗಳಿಗೆ ನಿಧಾನವಾಗುತ್ತದೆ. ಹಗ್ಗ ತುಸು ಬಿಗಿಯಾಗುತ್ತದೆ, ಅವನು ಉಸಿರು ಹಿಡಿಯುತ್ತಾನೆ. ನಾಯಿ ಕೂರುತ್ತದೆ. ಅದು ವಾಸನೆಗೆ ಕೂತಿತೋ ಯಜಮಾನನ ಕಾಲಿಗೆ ಕೂತಿತೋ ಹೇಳುವವರು ಯಾರು? ಅದಕ್ಕೇ ಪರೀಕ್ಷೆಯಲ್ಲಿ ಹ್ಯಾಂಡ್ಲರ್‌ಗಾಗಲೀ ಕೋಣೆಯಲ್ಲಿರುವ ಇನ್ಯಾರಿಗಾಗಲೀ ಉತ್ತರ ತಿಳಿದಿರಬಾರದು. ಏನೂ ಇಡದ ಸಾಲನ್ನೂ ಆಗಾಗ ಮೂಸಿಸಬೇಕು, ‘ಇಲ್ಲಿ ಇಲ್ಲ’ ಎಂದು ದಾಟಿ ಹೋಗಲು ನಾಯಿಗೂ ಧೈರ್ಯ ಬರಬೇಕು, ಒಪ್ಪಿಕೊಳ್ಳಲು ಹ್ಯಾಂಡ್ಲರ್‌ಗೂ. ನಿಮಗೆ ತೋರಿಸುವ ಪ್ರದರ್ಶನದಲ್ಲಿ ಬಹುಶಃ ಎಲ್ಲರಿಗೂ ಉತ್ತರ ಗೊತ್ತಿರುತ್ತದೆ. ತಪ್ಪಲ್ಲ, ಮಕ್ಕಳಿಗೆ ತೋರಿಸುವುದಕ್ಕೆ ಅಷ್ಟು ಸಾಕು. ಆದರೆ ನೀವೇ ನಲವತ್ತು ಜನ ಮೂರನೇ ಡಬ್ಬವನ್ನು ಕಣ್ಣರಳಿಸಿ ನೋಡುತ್ತಾ ನಿಂತಿದ್ದರೆ ಅದೂ ಒಂದು ಸುಳಿವೇ, ನೆನಪಿರಲಿ.

ಜಾಡು ಹಿಡಿಯುವುದು ಬೇರೆಯದೇ ಪಾಠ. ಮನುಷ್ಯ ನಡೆದಲ್ಲಿ ಎರಡು ವಾಸನೆ ಉಳಿಯುತ್ತದೆ: ಮೈಯಿಂದ ಸದಾ ಉದುರುವ ಚರ್ಮದ ಹೊಟ್ಟಿನದು, ಮತ್ತು ಕಾಲಡಿ ನಜ್ಜಾದ ಹುಲ್ಲು–ಮಣ್ಣಿನದು. ಕಲಿಸಲು ಒಬ್ಬರು ಹುಲ್ಲಿನ ಮೇಲೆ ನೇರವಾಗಿ 15–20 ಹೆಜ್ಜೆ ನಡೆದು ಪ್ರತಿ ಹೆಜ್ಜೆಗುರುತಿನಲ್ಲೂ ಒಂದು ಚೂರು ತಿನಿಸು ಇಡುತ್ತಾರೆ. ಗಾಳಿ ನಾಯಿಯ ಬೆನ್ನ ಹಿಂದಿನಿಂದ ಬೀಸುವಂತೆ ನೋಡಿಕೊಳ್ಳುತ್ತಾರೆ. ಎದುರುಗಾಳಿಯಿದ್ದರೆ ನಾಯಿ ತಲೆಯೆತ್ತಿ ಗಾಳಿಯಲ್ಲೇ ಹಿಡಿದು ನೆಲದ ಪಾಠ ತಪ್ಪಿಸಿಕೊಳ್ಳುತ್ತದೆ. ಬರಬರುತ್ತಾ ತಿನಿಸು ಎರಡು ಹೆಜ್ಜೆಗೊಮ್ಮೆ, ಐದಕ್ಕೊಮ್ಮೆ, ಆಮೇಲೆ ತಿರುವು, ಆಮೇಲೆ ಜಾಡನ್ನು ಗಂಟೆಗಟ್ಟಲೆ ಹಳತಾಗಲು ಬಿಡುವುದು. ಹಗ್ಗ ಸುಮಾರು 10 ಮೀಟರ್. ಅದನ್ನು ಕುತ್ತಿಗೆಯ ಪಟ್ಟಿಗೆ ಕಟ್ಟದೆ ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟುತ್ತಾರೆ, ಎಳೆದರೆ ಗಂಟಲು ಬಿಗಿಯಬಾರದಲ್ಲ. ಜಾಡು ತಪ್ಪಿದ ಜಾಗದಲ್ಲಿ ಹಗ್ಗದ ಎಳೆತ ಸಡಿಲವಾಗುತ್ತದೆ. ಆಗ ಹ್ಯಾಂಡ್ಲರ್ ನಿಂತ ಕಡೆಯೇ ನಿಂತು, ನಾಯಿ ಸುತ್ತು ಹಾಕಿ ತಿರುವು ಹುಡುಕಿಕೊಳ್ಳಲು ಬಿಡಬೇಕು. ಅವಸರದವನು ನಾಲ್ಕು ಹೆಜ್ಜೆ ಮುಂದೆ ಹೋಗಿ ಜಾಡನ್ನೇ ತುಳಿದು ಕೆಡಿಸುತ್ತಾನೆ. ನಡುಮಧ್ಯಾಹ್ನದ ಕಾದ ಡಾಂಬರು ಕಷ್ಟ, ಬೆಳಗಿನ ತೇವದ ಹುಲ್ಲು ಸುಲಭ. ಕಳವಾದ ಮನೆಯ ಅಂಗಳದಲ್ಲಿ ನಾಯಿ ಬರುವ ಮೊದಲೇ ಊರೆಲ್ಲ ನೆರೆದು ತುಳಿದಾಡಿದ್ದರೆ, ಪಾಪ, ಅದು ಎಲ್ಲಿಂದ ಶುರುಮಾಡಬೇಕು?

ಕಚ್ಚುವ ಪ್ರದರ್ಶನದ ಬಗ್ಗೆ ಎರಡೇ ಮಾತು. 1899ರಲ್ಲಿ ಬೆಲ್ಜಿಯಂನ ಗೆಂಟ್ ನಗರದ ಪೊಲೀಸರು ರಾತ್ರಿ ಗಸ್ತಿಗೆ ನಾಯಿಗಳನ್ನು ಇಟ್ಟುಕೊಂಡ ಕಾಲದಿಂದಲೂ ಜನ ಬೆರಗಾಗುವುದು ಇಂಥದಕ್ಕೇ. ಕಚ್ಚಲು ಕಲಿಸುವುದು ಕಷ್ಟವಲ್ಲ, ಬಿಡಿಸುವುದು ಕಷ್ಟ. ‘ಬಿಡು’ ಎಂದು ಒಂದೇ ಸಲ ಹೇಳಿದಾಗ ನಾಯಿ ತೋಳುಗವಸು ಬಿಟ್ಟು ಹಿಂದೆ ಸರಿಯಿತೋ, ಮೂರು ಸಲ ಕೂಗಿ ಪಟ್ಟಿ ಹಿಡಿದು ಎಳೆಯಬೇಕಾಯಿತೋ ಗಮನಿಸು. ಓಡುತ್ತಿರುವ ನಾಯಿಯನ್ನು ಅರ್ಧ ದಾರಿಯಲ್ಲಿ ವಾಪಸ್ ಕರೆದು ತೋರಿಸಿದರೆ, ಚಪ್ಪಾಳೆ ಅದಕ್ಕೆ ತಟ್ಟು.

ನಡುನಡುವೆ ನಾಯಿಗಳನ್ನು ನೆರಳಿಗೆ ಕರೆದೊಯ್ಯುವುದನ್ನು ನೋಡಿ ‘ಇಷ್ಟು ಬೇಗ ಸುಸ್ತಾಯಿತಾ’ ಅನ್ನಬೇಡ. ನಾಯಿ ಬೆವರುವುದು ಪಾದದ ಮೆತ್ತೆಯಲ್ಲಿ ಸ್ವಲ್ಪ ಮಾತ್ರ, ಮೈ ತಣಿಯುವುದೆಲ್ಲ ತೇಕುವುದರಿಂದ. ತೇಕುವಾಗ ಚೆನ್ನಾಗಿ ಮೂಸಲಾಗದು. ಅದಕ್ಕೇ ಬಿಸಿಲಲ್ಲಿ 20 ನಿಮಿಷ ಹುಡುಕಾಟ, ಆಮೇಲೆ ವಿಶ್ರಾಂತಿ, ನೀರು. ಅದರ ಮೈಬಿಸಿ ಮಾಮೂಲಿಗೆ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಪ್ರಾಣಕ್ಕೇ ಸಂಚಕಾರ. ನೆಲದ ಮೇಲೆ ಮುಂಗೈ ಇಟ್ಟು 5 ಸೆಕೆಂಡ್ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಬಿಸಿಯೇ. ಊಟವನ್ನು ಕೆಲಸ ಮುಗಿಸಿ, ಸುಧಾರಿಸಿಕೊಂಡ ಮೇಲೆ ಹಾಕುತ್ತಾರೆ. ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಯ ನಾಯಿ ಹೊಟ್ಟೆ ತುಂಬಿಸಿಕೊಂಡು ಹಾರಾಡಿದರೆ ಜಠರ ತಿರುಚಿಕೊಳ್ಳುವ ಅಪಾಯವಿದೆ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಎತ್ತರದ ಅಡೆತಡೆಗಳ ಹತ್ತಿರ ಮರಿಗಳು ಕಾಣದಿದ್ದರೆ ಅದಕ್ಕೂ ಕಾರಣವಿದೆ: ದೊಡ್ಡ ತಳಿಗಳ ಮೂಳೆಯ ತುದಿ ಗಟ್ಟಿಯಾಗಲು ವರ್ಷ, ಒಂದೂವರೆ ವರ್ಷ ಬೇಕು.

ಇನ್ನು ನೀವು ನಡೆದುಕೊಳ್ಳಬೇಕಾದ ರೀತಿ. ಕೆನೆಲ್ ಜಾಲರಿಯೊಳಗೆ ಬೆರಳು ತೂರಿಸಬೇಡ. ಹಾರ್ನೆಸ್ ಹಾಕಿದ ನಾಯಿಯನ್ನು ಹೆಸರು ಹಿಡಿದು ಕರೆಯಬೇಡ, ಶಿಳ್ಳೆ ಹೊಡೆಯಬೇಡ. ಮುಟ್ಟಬೇಕೆನಿಸಿದರೆ ಹ್ಯಾಂಡ್ಲರ್ ಅವರನ್ನು ಕೇಳು. ‘ಬೇಡ’ ಅಂದರೆ ಬೇಡ. ಒಪ್ಪಿದರೆ ಪಕ್ಕಕ್ಕೆ ತಿರುಗಿ ನಿಲ್ಲು, ಅದೇ ಬಂದು ಮೂಸಲಿ, ಆಮೇಲೆ ಎದೆಯ ಬದಿ ಸವರು. ತಲೆಯ ಮೇಲಿಂದ ಕೈ ತರುವುದು, ತಬ್ಬಿಕೊಳ್ಳುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಹೆಚ್ಚಿನ ನಾಯಿಗಳಿಗೆ ಹಿಡಿಸದು. ಬಿಡಿಸಿಕೊಂಡ ನಾಯಿ ನಿನ್ನತ್ತ ಬಂದರೆ ಓಡಬೇಡ, ಕೈ ಇಳಿಬಿಟ್ಟು ಮರದಂತೆ ನಿಂತಿರು. ತಿಂಡಿ ಡಬ್ಬಿ ಬಸ್ಸಿನಲ್ಲೇ ಇರಲಿ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ.

ಕೊನೆಗೆ ‘ಪ್ರಶ್ನೆ ಇದೆಯಾ ಮಕ್ಕಳೇ’ ಅನ್ನುತ್ತಾರೆ. ಆಗ ಯಾರಾದರೂ ‘ಎಷ್ಟು ಕಳ್ಳರನ್ನು ಹಿಡಿದಿದೆ’ ಎಂದು ಕೇಳಿಯೇ ಕೇಳುತ್ತಾರೆ. ನೀನು ಬೇರೆ ಕೇಳು: ‘ಸರ್, ಇತ್ತೀಚೆಗೆ ಇದು ಯಾವುದನ್ನು ಹುಡುಕಲಾಗದೆ ತಪ್ಪಿತು, ಯಾಕೆ?’ ಒಳ್ಳೆಯ ಹ್ಯಾಂಡ್ಲರ್ ಆಗಿದ್ದರೆ ಗಾಳಿಯ ದಿಕ್ಕು, ನೆಲದ ಬಿಸಿ, ತಾನು ಹಗ್ಗ ಎಳೆದ ಜಾಗ ಎಲ್ಲವನ್ನೂ ಹೇಳುತ್ತಾರೆ. ಹೇಳಿದ್ದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬಾ, ನಾನೂ ಓದಬೇಕು.

ನಿನ್ನ
ಅಮ್ಮ