ಮಗಳಿಗೊಂದು ಪತ್ರ: ಅವರ ಕೈ ನೋಡು

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. 'ಬ್ರಿಟಿಷರ ಕಾಲದ ಕಾದಂಬರಿಗಳಲ್ಲಿ ಹೆಂಗಸರು ಬರೀ ಅಳುತ್ತಾರೆ ಅಮ್ಮ, ಓದೋಕೇ ಆಗಲ್ಲ' ಅಂದೆ. ಒಲೆ ಮೇಲೆ ಹಾಲಿತ್ತು, ಆಗ ನಾನು ಏನೂ ಹೇಳಲಿಲ್ಲ. ಇವತ್ತು ಕೂತು ಬರೆಯುತ್ತಿದ್ದೇನೆ.

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಪಾರ್ಸೆಲ್ ಮಾಡಿದ್ದೇನೆ. ನಮ್ಮ ಕಡೆಯ ಕೋಡಿ ಊರಿನ ಮೂರು ತಲೆಮಾರಿನ ಕಥೆ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಓದುವಾಗ ಒಂದು ಕೆಲಸ ಮಾಡು. ಆ ಹೆಂಗಸರ ಕಣ್ಣು ಬಿಡು, ಕೈ ನೋಡು.

ರಾಮ ಐತಾಳರದು ಪೌರೋಹಿತ್ಯ. ಅವರು ಊರೂರು ತಿರುಗುತ್ತಿದ್ದರೆ ಮನೆ ನಡೆಸಿದ್ದು ಹೆಂಡತಿ ಪಾರೋತಿ ಮತ್ತು ಒಡಹುಟ್ಟಿದ ಸರಸೋತಿ. ಸರಸೋತಿ ಚಿಕ್ಕ ವಯಸ್ಸಿಗೇ ವಿಧವೆಯಾಗಿ ತವರು ಸೇರಿದವಳು. ವಿಧವಾ ವಿವಾಹದ ಕಾನೂನು 1856ರಲ್ಲೇ ಬಂದಿತ್ತು, ಆದರೆ ಅಂಥ ಮನೆಗಳ ಹೊಸ್ತಿಲು ದಾಟಲಿಲ್ಲ. ಇಬ್ಬರೂ ಗದ್ದೆಗಿಳಿದು ದುಡಿದರು, ಹೊರೆ ಹೊತ್ತರು, ಮಳೆಗಾಲದಲ್ಲಿ ನೀರಿನಲ್ಲಿ ತೇಲಿ ಬರುವ ಕಟ್ಟಿಗೆಯನ್ನು ಎಳೆದು ದಡಕ್ಕೆ ಹಾಕಿದರು. ಆ ಪುಟ ಓದಿದಾಗಲೆಲ್ಲ ನನಗೆ ನನ್ನ ಅಜ್ಜಿಯ ಅಂಗೈ ನೆನಪಾಗುತ್ತದೆ, ಕೆನ್ನೆ ಸವರಿದರೆ ಗರಗರ ಅನ್ನುತ್ತಿತ್ತು, ತೆಂಗಿನ ಸಿಪ್ಪೆಯ ಹಾಗೆ. ಮಕ್ಕಳಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಎರಡನೇ ಹೆಂಡತಿಯಾಗಿ ತಂದಾಗ ಪಾರೋತಿ ಪಟ್ಟ ಸಂಕಟ ಸಣ್ಣದಲ್ಲ. ಅಳಲಿ ಬಿಡು, ಅಳುವಂಥದ್ದೇ. ಆದರೆ ಆ ಮನೆಯ ಗದ್ದೆ ಒಂದು ವರ್ಷವೂ ಬೀಳು ಬೀಳಲಿಲ್ಲ, ಅಲ್ವಾ?

ಇನ್ನು ಬ್ರಿಟಿಷರು. ಅವರಲ್ಲಿ ಒಬ್ಬನೂ ಆ ಮನೆಯ ಜಗಲಿ ಹತ್ತಲಿಲ್ಲ. ಅವರ ಆಳ್ವಿಕೆ ಒಳಗೆ ಬಂದದ್ದು ಕಾಗದವಾಗಿ ಅಂತ ನನಗೆ ಅನಿಸುತ್ತದೆ. ಮೊದಲು ಶಾಲೆಯ ಪುಸ್ತಕ. ಮಗ ಲಚ್ಚನನ್ನು ಇಂಗ್ಲಿಷ್ ಓದಲು ಪೇಟೆಗೆ ಕಳಿಸಿದರು, ಅವನು ಮಣ್ಣನ್ನೂ ಮನೆಯನ್ನೂ ಕೀಳಾಗಿ ಕಾಣುವವನಾಗಿ ಬಂದ. ಆಮೇಲೆ ಆಸ್ತಿಯ ಪತ್ರ. ಮಗನ ಮೇಲೆ ನಂಬಿಕೆ ಹೋದ ಐತಾಳರು ಆಸ್ತಿಯನ್ನು ಸೊಸೆ ನಾಗವೇಣಿಗೆ ಬಿಟ್ಟುಹೋದರು. ಲಚ್ಚ ಒಳ್ಳೆಯವನ ಹಾಗೆ ನಟಿಸಿ ಅವಳಿಂದಲೇ ಸಹಿ ಹಾಕಿಸಿಕೊಂಡು ಎಲ್ಲವನ್ನೂ ಕಳೆದ.

ಈ ಜಾಗಕ್ಕೆ ಬಂದರೆ ನನಗೆ ಓದು ಮುಂದೆ ಹೋಗುವುದಿಲ್ಲ. ನಿನಗೆ ಇದುವರೆಗೆ ಹೇಳಿರಲಿಲ್ಲ, ನಿನ್ನ ಅಜ್ಜ ತೀರಿಹೋದ ವರ್ಷ ಮನೆಯವರು ನನ್ನ ಕೈಯಿಂದಲೂ ಹೀಗೇ ಒಂದು ಸಹಿ ಹಾಕಿಸಿದರು, 'ಸುಮ್ನೆ ಒಂದು ಸಹಿ, ಆಫೀಸಿನವರು ಕೇಳುತ್ತಾರೆ' ಅಂತ, ನಾನು ಡಿಗ್ರಿ ಓದಿದವಳು, ಒಂದು ಸಾಲನ್ನೂ ಓದದೆ ಹಾಕಿಬಿಟ್ಟೆ. ಮನೆಯವರೇ ಅಲ್ಲವೇ ಅನ್ನುವ ಒಂದೇ ಕಾರಣಕ್ಕೆ. ಹಾಗಾಗಿ ನಾಗವೇಣಿಯನ್ನು ಯಾರಾದರೂ ಪೆದ್ದಿ ಅಂದರೆ ನನಗೆ ಕೋಪ ಬರುತ್ತದೆ. ಅವಳ ನಂಬಿಕೆಯನ್ನು ಕದ್ದವನು ಅವನು, ತಪ್ಪು ಅವನದು. ಗಂಡ ತಂದ ಕಾಯಿಲೆ ಅನುಭವಿಸಿ, ಹುಟ್ಟಿದ ಮಕ್ಕಳನ್ನು ಕಳೆದುಕೊಂಡು, ಮನೆಯೂ ಹೋದ ಮೇಲೆ ಅವಳು ಉಳಿದ ಮಗ ರಾಮನನ್ನು ಸಾಕಿದಳು, ಮದ್ರಾಸಿನವರೆಗೆ ಓದಲು ಕಳಿಸಿದಳು. ಇಂಗ್ಲಿಷ್ ಓದು ಗಂಡನನ್ನು ಏನು ಮಾಡಿತ್ತು ಅಂತ ಕಣ್ಣಾರೆ ಕಂಡವಳು, ಅದೇ ಓದಿಗೆ ಮಗನನ್ನು ಬಿಟ್ಟುಕೊಟ್ಟಳು. ಅವನು ಚಳವಳಿಗೆ ಧುಮುಕಿ ಜೈಲಿಗೂ ಹೋದ. ಅವನ ದೇಶಪ್ರೇಮದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಹೊರಗೆ ಕಾದು ಕೂತ ತಾಯಿಯ ಬಗ್ಗೆ ಕಡಿಮೆ.

ಮನೆ ಬಿಟ್ಟು ಹೊರಟವಳ ಕಥೆಯೇ ಬೇಕು ಅಂದರೆ ಅದೂ ಇದೆ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ', 1899ರದು. ವಿಧವೆ ಹುಡುಗಿ ಇಂದಿರಾ ಮನೆಗೆ ಬರುವ ಕಪಟ ಸಂತರ ಕಾಟಕ್ಕೆ ಹೆದರಿ ಕೂರದೆ ಹೊರಟೇಬಿಡುತ್ತಾಳೆ. ಓದುತ್ತಾಳೆ, ಮತ್ತೆ ಮದುವೆಯಾಗುತ್ತಾಳೆ. ಅವಳಿಗೆ ಸೇರಲು ಸುಧಾರಣೆಯ ಪರವಾಗಿದ್ದ ಅಮೃತರಾಯರಂಥವರ ಮನೆಯೊಂದಿತ್ತು. ಸರಸೋತಿ ಹೊರಟಿದ್ದರೆ ಎಲ್ಲಿಗೆ ಹೋಗಬೇಕಿತ್ತು? ಇಬ್ಬರಲ್ಲಿ ಯಾರು ಗಟ್ಟಿ ಅಂತ ನನ್ನನ್ನು ಕೇಳಬೇಡ, ನನಗೆ ಸರಸೋತಿಯ ಮೇಲೆ ಜೀವ ಜಾಸ್ತಿ.

ಪುಸ್ತಕದಲ್ಲಿ ಕಟ್ಟಿಗೆ ಎಳೆಯುವ ಪುಟ ಮಡಚಿಟ್ಟಿದ್ದೇನೆ, ಅಲ್ಲಿಂದಲೇ ಶುರು ಮಾಡು.

ನೀನು ಕಳಿಸಿದ ಬಾಡಿಗೆ ಮನೆಯ ಕರಾರು ಪತ್ರವನ್ನು ಎರಡು ಸಲ ಓದಿದೆ. ಮೂರನೇ ಪುಟದಲ್ಲಿ ಅಡ್ವಾನ್ಸ್ ಯಾವಾಗ ವಾಪಸ್ ಕೊಡುತ್ತಾರೆ ಅನ್ನುವ ಜಾಗ ಖಾಲಿ ಬಿಟ್ಟಿದ್ದಾರೆ. ಅದನ್ನು ಬರೆಸಿಕೊಂಡ ಮೇಲೆ ಸಹಿ ಹಾಕು. ಹಾಕುವ ಮುಂಚೆ ನನಗೊಂದು ಫೋನ್ ಮಾಡು.

ಇಂತಿ,
ನಿನ್ನ ಅಮ್ಮ