ಚಕ್ರ ಬಿಡಿಸಿಕೊಟ್ಟವರಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ. ಅದಕ್ಕೇ ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ.

ನಮ್ಮ ನೃತ್ಯ ಪ್ರದರ್ಶನದ ಪರದೆ ಏಳಲು 20 ನಿಮಿಷ ಬಾಕಿ ಇತ್ತು. ನನ್ನ ವೀಲ್‌ಚೇರ್‌ನ ಮುಂದಿನ ಚಿಕ್ಕ ಚಕ್ರ ತಿರುಗದೆ ಹಟ ಹಿಡಿದಿತ್ತು. ಅದು ಸಲೀಸಾಗಿ ತಿರುಗದಿದ್ದರೆ ಗಿರಕಿ ಹೊಡೆಯುವುದಿರಲಿ, ನೆಟ್ಟಗೆ ಸಾಗುವುದೂ ಕಷ್ಟ. ನನ್ನ ಜೊತೆಗೆ ಕುಣಿಯುವವಳು ನೃತ್ಯದ ನಡುವೆ ಒಮ್ಮೆ ತನ್ನ ಪೂರ್ತಿ ಭಾರವನ್ನು ನನ್ನ ಕುರ್ಚಿಯ ಮೇಲೆ ಹಾಕಿ ವಾಲುತ್ತಾಳೆ. ಆಗ ಚಕ್ರ ಸಿಕ್ಕಿಕೊಂಡರೆ ಇಬ್ಬರೂ ನೆಲಕ್ಕೆ.

ಲೈಟಿನ ವೈರು ಸುತ್ತುತ್ತಿದ್ದ ನೀವು ಬಂದು ಮೊದಲು ಕೇಳಿದ್ದು, "ಕುರ್ಚಿ ಮುಟ್ಟಬಹುದಾ?" ಈ ಪ್ರಶ್ನೆ ಎಷ್ಟು ಅಪರೂಪ ಗೊತ್ತಾ? ಜನ ಸುಮ್ನೆ ಹಿಂದಿನಿಂದ ಹಿಡಿದು ತಳ್ಳಿಬಿಡುತ್ತಾರೆ. ಕುರ್ಚಿ ನನಗೆ ಕಾಲಿದ್ದ ಹಾಗೆ. ಕೇಳದೆ ಯಾರೋ ನಿಮ್ಮ ಕಾಲು ಹಿಡಿದು ಎಳೆದರೆ ಹೇಗಿರುತ್ತೆ, ಅಲ್ವಾ?

ಚಕ್ರದ ಅಚ್ಚಿಗೆ ಕೂದಲು, ದಾರ ಸುತ್ತಿಕೊಂಡಿತ್ತು. ಇಕ್ಕಳದಲ್ಲಿ ಎಳೆ ಎಳೆಯಾಗಿ ಬಿಡಿಸಿದಿರಿ. ಅಯ್ಯೋ ಪಾಪ ಎನ್ನಲಿಲ್ಲ.

ಲಂಡನ್ನಿನ ಕ್ಯಾಂಡೋಕೋ ನೃತ್ಯ ತಂಡ 1991ರಲ್ಲೇ ಶುರುವಾಗಿ ಅಂಗವಿಕಲರನ್ನೂ ಉಳಿದವರನ್ನೂ ಒಂದೇ ವೇದಿಕೆಯಲ್ಲಿ ಕುಣಿಸಿತು. ಅದಾಗಿ ಎಷ್ಟೋ ವರ್ಷದ ಮೇಲೂ ನನ್ನ ಮೊದಲ ಡ್ಯಾನ್ಸ್ ಕ್ಲಾಸಿನಲ್ಲಿ "ನೀವು ಪಕ್ಕದಲ್ಲಿ ಕೂತು ನೋಡಿ" ಎಂದಿದ್ದರು. ನಾನು ಕೂತೇ ಇದ್ದೆ ಅನ್ನಿ!

ನಮ್ಮ ತಂಡದ ಕಿವಿ ಕೇಳದ ಗೆಳೆಯ ಮರದ ನೆಲದ ನಡುಕದಿಂದಲೇ ತಾಳ ಹಿಡಿಯುತ್ತಾನೆ. ಅವನಿಗಾಗಿ ದೊಡ್ಡ ಸ್ಪೀಕರನ್ನು ಸ್ಟ್ಯಾಂಡಿನಿಂದ ನೆಲಕ್ಕೆ ಇಳಿಸಿದವರೂ ನೀವೇ ಅಂತ ಆಮೇಲೆ ತಿಳಿಯಿತು.

ತುಂಬಾ ಥ್ಯಾಂಕ್ಸ್. ನಿಮ್ಮ ಇಕ್ಕಳ ನನ್ನ ಬ್ಯಾಗಿನಲ್ಲೇ ಉಳಿದಿದೆ.